ವರ್ಷಕ್ಕೆ ಮೂರು ಕೊಯ್ಲು, ಹನ್ನೆರಡು ಕಂತು

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಕಾರಿನ ಸಾಲದ ಬಗ್ಗೆ ಆಡಿದ ಮಾತುಗಳಿವು. ನಡುನಡುವೆ ಬಂದ ತುಳು, ಮಲಯಾಳ ಮಾತುಗಳನ್ನು ಕನ್ನಡಕ್ಕೆ ಇಳಿಸಿದ್ದೇನೆ. ಉಳಿದದ್ದು ಹೆಚ್ಚು ಕಡಿಮೆ ಆಡಿದ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಅಂಗಳದಲ್ಲಿ ನಿಂತ ಕಾರುಗಳನ್ನು ಎಣಿಸಿದೆ. ಹದಿನಾಲ್ಕು ಇವೆ. ಹೆಚ್ಚಿನವು ನಮ್ಮ ಕಾಸರಗೋಡಿನ ಕೆಎಲ್ 14, ಎರಡು ಮಂಗಳೂರಿನ ಕೆಎ 19, ಒಂದು ಪುತ್ತೂರಿನ ಕೆಎ 21. ಇದು ಚಾಳಿ, ಬೇಸರ ಮಾಡಬೇಡಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕುಳಿತವನು ನಾನು. ಕಾರು ಕಂಡರೆ ಬೇರೆಯವರು ಬಣ್ಣ ನೋಡುತ್ತಾರೆ, ನಾನು ಇದರ ಸಾಲ ಎಷ್ಟು ಬಾಕಿ ಇದ್ದೀತು ಎಂದು ಯೋಚಿಸುತ್ತೇನೆ.

ಕಾರು ತೆಗೆದುಕೊಳ್ಳಬೇಡಿ ಎಂದು ಹೇಳಲಿಕ್ಕೆ ನಾನು ಬಂದದ್ದಲ್ಲ. ಪೆರ್ಲದಿಂದ ಒಳಗೆ ನಾಲ್ಕು ಕಿಲೋಮೀಟರ್ ಇರುವವರಿಗೆ, ಸಂಜೆ ಏಳರ ಮೇಲೆ ಬಸ್ಸಿಲ್ಲದವರಿಗೆ, ರಾತ್ರಿ ಅಮ್ಮನಿಗೆ ಎದೆನೋವು ಬಂದರೆ ಮಂಗಳೂರಿಗೆ ಓಡಬೇಕಾದವರಿಗೆ ಕಾರು ಶೋಕಿ ಅಲ್ಲ. ಮೊದಲು ಇಂಥ ಕೆಲಸಕ್ಕೆಲ್ಲ ಜೀಪು ಇತ್ತು. ಊರಿಗೆ ಒಂದೋ ಎರಡೋ. ಮದುವೆ ದಿಬ್ಬಣಕ್ಕೂ ಅದೇ, ಹೆರಿಗೆಗೂ ಅದೇ, ಅಡಿಕೆ ಮೂಟೆಗೂ ಅದೇ. ಕಾರು ಎಂದರೆ ಅಂಬಾಸಿಡರ್, ಇಲ್ಲವೇ ಫಿಯೆಟ್. ದುಡ್ಡಿದ್ದವರೂ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದರು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಂತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ತೆಗೆದರು. 1998ರಲ್ಲಿ ಸ್ಯಾಂಟ್ರೋ ಬಂತು, ಇಂಡಿಕಾ ಬಂತು. ಮೊದಲು ಕಾರಿಗಾಗಿ ಜನ ಕಾಯುತ್ತಿದ್ದರು, ಆಮೇಲೆ ಜನರಿಗಾಗಿ ಕಾರು ಕಾಯತೊಡಗಿತು. ಶೋರೂಮಿನಲ್ಲಿ ನಿಂತ ಕಾರು ಮಾರಿಹೋಗಬೇಕಾದರೆ ಕೈಯಲ್ಲಿ ದುಡ್ಡು ಇಲ್ಲದವನೂ ಕೊಳ್ಳುವಂತೆ ಆಗಬೇಕಲ್ವಾ? ಅಲ್ಲಿಂದ ಸಾಲದ ಮೇಜು ಶೋರೂಮಿನ ಒಳಗೇ ಬಂತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿ ಕಾರಿಗೆ ಸಾಲ ಕೊಡಲಿಕ್ಕೆಂದೇ 1919ರಲ್ಲಿ ಬೇರೆ ಕಂಪನಿ ಮಾಡಿತು. ಹೆನ್ರಿ ಫೋರ್ಡನಿಗೆ ಸಾಲ ಎಂದರೆ ಆಗುತ್ತಿರಲಿಲ್ಲ. ಅವನು 1923ರಲ್ಲಿ ಬೇರೊಂದು ದಾರಿ ಹಿಡಿದ. ಗಿರಾಕಿ ವಾರಕ್ಕೆ ಐದು ಡಾಲರಿನಂತೆ ಕಟ್ಟುತ್ತಾ ಹೋಗಬೇಕು, ಪೂರ್ತಿ ಬೆಲೆ ಸೇರಿದ ದಿನ ಕಾರು ಒಯ್ಯಬೇಕು. ಯೋಚಿಸಿ ನೋಡಿ, ಇದು ನಮ್ಮ ಕುರಿಯ, ಅಂದರೆ ಚೀಟಿ ಫಂಡಿನ, ದೂರದ ನೆಂಟ. ಆದರೆ ಕುರಿಯಲ್ಲಿ ಹರಾಜು ಕೂಗಿ ಹಿಡಿದರೆ ನಡುವೆಯೇ ದುಡ್ಡು ಸಿಗುತ್ತದೆ, ಫೋರ್ಡನ ಲೆಕ್ಕದಲ್ಲಿ ಕಡೆಯವರೆಗೆ ಕಾಯಲೇಬೇಕು. ಪಕ್ಕದ ಅಂಗಡಿಯಲ್ಲಿ ಇವತ್ತೇ ಕಾರು ಕೊಡುತ್ತಾರೆ ಎಂದಾದ ಮೇಲೆ ಯಾರು ಕಾಯುತ್ತಾರೆ? 1928ರಲ್ಲಿ ಫೋರ್ಡ್ ಸೋತು ತನ್ನದೇ ಸಾಲದ ಕಂಪನಿ ತೆರೆದ.

ಅದೇ 1928ರಲ್ಲಿ, ಇಲ್ಲೇ ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಶುರು ಮಾಡಿತು. ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುವುದು. ನಮ್ಮ ಮನೆಗೂ ಬರುತ್ತಿದ್ದರು, ಬಗಲಲ್ಲಿ ಚೀಲ, ಕೈಯಲ್ಲಿ ಕೊಡೆ. ಆಗ ಕಾಸರಗೋಡು, ಉಡುಪಿ ಎಲ್ಲ ಒಂದೇ ಜಿಲ್ಲೆ. 1956ರಲ್ಲಿ ನಾವು ಕೇರಳಕ್ಕೆ ಸೇರಿದ್ದು ಆಮೇಲಿನ ಕತೆ, ಅದನ್ನು ಎತ್ತಿದರೆ ಇವತ್ತು ಮನೆಗೆ ಹೋಗಲಿಕ್ಕಿಲ್ಲ.

ಪಿಗ್ಮಿಯಲ್ಲಿ ಏನು ಜಾಣತನ ಇತ್ತು? ಆ ಸಂಸ್ಥೆ ಕಟ್ಟಿದ ಟಿ.ಎಂ.ಎ. ಪೈಗಳೂ ಅವರ ಜೊತೆಯವರೂ ಜನರ ಕೈಗೆ ದುಡ್ಡು ಹೇಗೆ ಬರುತ್ತದೆ ಎಂದು ಮೊದಲು ನೋಡಿದರು. ನೇಯ್ಗೆಯವನಿಗೆ, ಮೀನು ಮಾರುವವಳಿಗೆ, ಗೂಡಂಗಡಿಯವನಿಗೆ ದುಡ್ಡು ದಿನದಿನ ಬರುತ್ತದೆ. ಹಾಗಾದರೆ ನಾವೂ ದಿನದಿನ ಹೋಗಿ ತೆಗೆದುಕೊಳ್ಳೋಣ ಎಂದರು. ದುಡ್ಡು ಬರುವ ತಾಳಕ್ಕೆ ಬ್ಯಾಂಕು ಹೆಜ್ಜೆ ಹಾಕಿತು.

ಕಾರಿನ ಸಾಲದಲ್ಲಿ ಇದು ತಿರುಗಮುರುಗ. ಕಂತು ಎನ್ನುವುದು ಸಂಬಳದವರಿಗಾಗಿ ಹುಟ್ಟಿದ ಲೆಕ್ಕ. ತಿಂಗಳಿಗೊಮ್ಮೆ ಸಂಬಳ, ತಿಂಗಳಿಗೊಮ್ಮೆ ಕಂತು. ಇಲ್ಲಿ ಕುಳಿತವರಲ್ಲಿ ತಿಂಗಳ ಸಂಬಳದವರು ಕೈ ಎತ್ತಿ ನೋಡುವ. ಒಂದು, ಎರಡು... ಮೇಷ್ಟ್ರು ಮೂವರು, ಸೊಸೈಟಿಯವರು ಒಬ್ಬರು. ಉಳಿದವರು? ತೋಟದವರು, ಅಂಗಡಿಯವರು, ಅಡುಗೆಗೆ ಹೋಗುವವರು, ಯಕ್ಷಗಾನ ಮೇಳದ ತಿರುಗಾಟದವರು, ಮಗ ಗಲ್ಫಿನಿಂದ ಕಳಿಸಿದರೆ ಉಂಟು ಎನ್ನುವವರು.

ಅಡಿಕೆ ತೋಟದ ಲೆಕ್ಕವನ್ನೇ ಹಿಡಿಯಿರಿ. ಕೊಯ್ಲು ವರ್ಷಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಕೊಯ್ದ ಮೇಲೆ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಬೇಕು. ಸುಲಿಯಲಿಕ್ಕೆ ಜನ ಸಿಗಬೇಕು. ಆಮೇಲೆ ಹೊಸ ಅಡಿಕೆಯಾಗಿ ಕೊಡುವುದೋ, ಇಟ್ಟು ಹಳತು ಮಾಡಿ ಸಿಂಗಲ್ ಚೋಲ್ ಆದ ಮೇಲೆ ಕೊಡುವುದೋ, ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ದರ ಏನು, ಪೇಟೆ ದರ ಏನು, ಇದೆಲ್ಲ ನೋಡಿ ಮನೆಯ ಯಜಮಾನ ಒಂದು ದಿನ ಮೂಟೆ ಕಟ್ಟುತ್ತಾನೆ. ಅವನ ಪಾಲಿಗೆ ದುಡ್ಡು ಎಂದರೆ ವರ್ಷದಲ್ಲಿ ನಾಲ್ಕೈದು ದಿನ. ಆದರೆ ಕಂತು ಪ್ರತಿ ತಿಂಗಳು ಐದನೇ ತಾರೀಕಿಗೆ. ಕೊಳೆರೋಗ ಬಂದ ಮಳೆಗಾಲದಲ್ಲೂ ಐದಕ್ಕೆ, ಮಗಳ ಮದುವೆ ತಿಂಗಳಲ್ಲೂ ಐದಕ್ಕೆ.

ಆಗ ಏನಾಗುತ್ತದೆ ನೋಡಿ. ಇನ್ನೆಂಟು ತಿಂಗಳು ಇಟ್ಟಿದ್ದರೆ ಒಳ್ಳೆ ದರ ಸಿಗುತ್ತಿದ್ದ ಅಡಿಕೆಯನ್ನು ಕಂತಿಗೋಸ್ಕರ ಈಗಲೇ ಕೊಡುತ್ತಾನೆ. ಒಂದು ಮಾತಿಗೆ ಕಿಲೋಗೆ ನಲ್ವತ್ತು ರೂಪಾಯಿ ಕಡಿಮೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಐದು ಕ್ವಿಂಟಾಲಿಗೆ 20 ಸಾವಿರ ಹೋಯಿತು. ಇದು ಬಡ್ಡಿ ಹೌದೋ ಅಲ್ಲವೋ? ನನ್ನ ಪ್ರಕಾರ ಹೌದು. ಆದರೆ ಬ್ಯಾಂಕಿನ ಯಾವ ಸ್ಟೇಟ್‌ಮೆಂಟಿನಲ್ಲೂ ಇದು ಕಾಣುವುದಿಲ್ಲ. ದರ ಏರಿದ ಮೇಲೆ ಇಟ್ಟಿದ್ದರೆ ಆಗುತ್ತಿತ್ತು ಎಂದು ಜಗಲಿಯಲ್ಲಿ ಕುಳಿತು ಹೇಳುತ್ತೇವೆ, ಕಾರಿನ ಹೆಸರು ಮಾತ್ರ ತೆಗೆಯುವುದಿಲ್ಲ.

ಬ್ಯಾಂಕಿಗೆ ಇದು ಗೊತ್ತಿಲ್ಲ ಎಂದಲ್ಲ. ಅದೇ ಬ್ಯಾಂಕಿನ ಅದೇ ಮೇಜಿನಲ್ಲಿ ಟ್ರ್ಯಾಕ್ಟರಿಗೆ ಸಾಲ ಕೇಳಿ. ಆರು ತಿಂಗಳಿಗೊಮ್ಮೆ ಕಟ್ಟುವ ಏರ್ಪಾಡು ಸಿಗುತ್ತದೆ. ಬೆಳೆ ಸಾಲ ಕೆಟ್ಟಿತೋ ಇಲ್ಲವೋ ಎಂದು ನೋಡುವಾಗ ರಿಸರ್ವ್ ಬ್ಯಾಂಕಿನ ನಿಯಮವೇ ಬೆಳೆಯ ಹಂಗಾಮನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಕಾರಿಗೆ ಬಂದರೆ 90 ದಿನ, ಅಷ್ಟೆ. ಮೂರು ತಿಂಗಳು ಕಟ್ಟದಿದ್ದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಸಾಲ ಮಾಡಿದವನು ಅದೇ ಕೃಷಿಕ, ತೀರಿಸುವುದೂ ಅದೇ ಅಡಿಕೆಯಿಂದ. ಟ್ರ್ಯಾಕ್ಟರ್ ಎಂದಾಗ ಅವನು ರೈತ, ಕಾರು ಎಂದಾಗ ಅವನು ಸಂಬಳದವನು. ನಾನು ಸರ್ವಿಸಿನಲ್ಲಿದ್ದಾಗ ಇದನ್ನು ಮೀಟಿಂಗಿನಲ್ಲಿ ಎತ್ತಿದ್ದುಂಟು. ಚಹಾ ಬಂತು, ಮಾತು ಅಲ್ಲಿಗೆ ನಿಂತಿತು.

ಸರಿ, ಶೋರೂಮಿಗೆ ಹೋಗುವ. ಅಲ್ಲಿಯ ಹುಡುಗ ಬಹಳ ಮರ್ಯಾದೆಯವನು. ಕಾಸರಗೋಡಿನಲ್ಲಾದರೆ ಏಟ್ಟಾ ಎನ್ನುತ್ತಾನೆ, ಮಂಗಳೂರಿನಲ್ಲಾದರೆ ಅಣ್ಣ ಎನ್ನುತ್ತಾನೆ. ಅವನ ಮೊದಲ ಪ್ರಶ್ನೆ, "ತಿಂಗಳಿಗೆ ಎಷ್ಟು ಕಟ್ಟಿದರೆ ನಿಮಗೆ ಭಾರ ಆಗಲಿಕ್ಕಿಲ್ಲ ಅಣ್ಣ?" ಕೇಳಲಿಕ್ಕೆ ಎಷ್ಟು ಹಿತ! ಈ ಪ್ರಶ್ನೆಗೆ ಉತ್ತರ ಕೊಟ್ಟಿರೋ, ಅಲ್ಲಿಗೆ ಮುಗಿಯಿತು. ನೀವು 8 ಸಾವಿರ ಎಂದರೆ ಅವನು ಎಂಟು ಸಾವಿರದ ಒಳಗೇ ಕೂರಿಸುತ್ತಾನೆ. ಹೇಗೆ? ವರ್ಷ ಉದ್ದ ಮಾಡಿ.

ಲೆಕ್ಕ ಹೇಳುತ್ತೇನೆ, ಬೇಕಾದವರು ಬರೆದುಕೊಳ್ಳಿ. 5 ಲಕ್ಷ ಸಾಲ, ಶೇ. 9 ಬಡ್ಡಿ. ಐದು ವರ್ಷಕ್ಕಾದರೆ ಕಂತು 10,379 ರೂಪಾಯಿ. ಒಟ್ಟು ಬಡ್ಡಿ ಸುಮಾರು 1,22,750. ಅದನ್ನೇ ಏಳು ವರ್ಷ ಮಾಡಿದರೆ ಕಂತು 8,045ಕ್ಕೆ ಇಳಿಯುತ್ತದೆ. ಬಡ್ಡಿ ಸುಮಾರು 1,75,740ಕ್ಕೆ ಏರುತ್ತದೆ. ತಿಂಗಳಿಗೆ ಎರಡು ಸಾವಿರದ ಚಿಲ್ಲರೆ ಹಗುರ ಮಾಡಿಕೊಂಡದ್ದಕ್ಕೆ ಕೊಟ್ಟದ್ದು 53 ಸಾವಿರ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದುಂಟು. ಏಳು ವರ್ಷದ ಸಾಲದಲ್ಲಿ ಮೂರು ವರ್ಷ ಸರಿಯಾಗಿ ಕಟ್ಟಿದ ಮೇಲೂ ಅಸಲಿನಲ್ಲಿ 3,23,000 ಬಾಕಿ ಇರುತ್ತದೆ. ಕಟ್ಟಿದ್ದು 2,89,600. ಅಸಲಿಗೆ ಸೇರಿದ್ದು 1,76,700 ಮಾತ್ರ. ಕಡೆಯ ಕಂತುಗಳಿಗಿಂತ ಮೊದಲಿನ ಕಂತುಗಳಲ್ಲಿ ಬಡ್ಡಿಯ ಪಾಲು ಜಾಸ್ತಿ. ಹೀಗೆಂದು ಹೇಳಿದರೆ ಜನ ಬ್ಯಾಂಕಿನವರು ಮೋಸ ಮಾಡಿದರು ಎನ್ನುತ್ತಾರೆ. ಮೋಸ ಅಲ್ಲ, ಬಾಕಿ ಇರುವ ಅಸಲಿಗೆ ಬಡ್ಡಿ ಹಾಕಿದರೆ ಆಗುವುದೇ ಹೀಗೆ.

ಮೋಸಕ್ಕೆ ಹತ್ತಿರದ್ದು ಬೇರೆ ಉಂಟು, ಫ್ಲ್ಯಾಟ್ ರೇಟ್. ಸೆಕೆಂಡ್ ಹ್ಯಾಂಡ್ ಕಾರಿಗೆ, ಬೈಕಿಗೆ, ಕೆಲವು ಫೈನಾನ್ಸಿನವರು ಬಾಯಲ್ಲಿ ಹೇಳುವ ದರ ಇದು. ಶೇ. 9 ಎಂದರೆ ನೀವು ಬ್ಯಾಂಕಿನ ಒಂಬತ್ತೇ ಎಂದು ತಿಳಿಯುತ್ತೀರಿ. ಅವರದ್ದು 5 ಲಕ್ಷಕ್ಕೆ ವರ್ಷಕ್ಕೆ 45 ಸಾವಿರ, ಐದು ವರ್ಷಕ್ಕೆ 2,25,000. ಅಸಲು ಕರಗುತ್ತಾ ಬಂದರೂ ಬಡ್ಡಿ ಕರಗುವುದಿಲ್ಲ. ಕಂತು 12,083. ಬ್ಯಾಂಕಿನ ರೀತಿಯಲ್ಲಿ ಲೆಕ್ಕ ಹಾಕಿದರೆ ಇದು ಶೇ. 15.7ರ ಹತ್ತಿರ ಬರುತ್ತದೆ. ಹೆಸರು ಒಂಬತ್ತು, ಕೆಲಸ ಹದಿನಾರು.

ಇದನ್ನು ತಡೆಯಲಿಕ್ಕೆಂದೇ ರಿಸರ್ವ್ ಬ್ಯಾಂಕು 2024ರ ಏಪ್ರಿಲಿನಲ್ಲಿ ಒಂದು ಆದೇಶ ಮಾಡಿದೆ. ಅದೇ ವರ್ಷದ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಜಾರಿ. ಬ್ಯಾಂಕು ಇರಲಿ, ಫೈನಾನ್ಸ್ ಇರಲಿ, ಸಾಲದ ಮುಖ್ಯ ವಿವರಗಳ ಪಟ್ಟಿಯೊಂದನ್ನು ಸಹಿಗೆ ಮೊದಲು ಕೈಗೆ ಕೊಡಬೇಕು. ಕೆಎಫ್‌ಎಸ್ ಎನ್ನುತ್ತಾರೆ. ಬಡ್ಡಿ, ಪ್ರೊಸೆಸಿಂಗ್ ಫೀ, ಅವರ ಮೂಲಕವೇ ತೆಗೆದ ಇನ್ಶೂರೆನ್ಸ್, ಎಲ್ಲ ಸೇರಿಸಿ ವರ್ಷಕ್ಕೆ ನಿಜವಾಗಿ ಶೇಕಡಾ ಎಷ್ಟು ಬೀಳುತ್ತದೆ ಎಂಬ ಅಂಕಿ ಅದರಲ್ಲಿ ಇರಲೇಬೇಕು. ಎಪಿಆರ್ ಎಂದು ಬರೆದಿರುತ್ತದೆ. ಎರಡು ಕಡೆಯ ಸಾಲ ಹೋಲಿಸುವುದಾದರೆ ಅದೊಂದು ಅಂಕಿ ನೋಡಿ, ಉಳಿದ ಮಾತು ಬಿಡಿ.

ಇದರಲ್ಲಿ ನಮ್ಮವರಿಗೆಂದೇ ಹೇಳಬೇಕಾದ ಇನ್ನೊಂದು ಸಂಗತಿ ಇದೆ. ಆ ಪಟ್ಟಿ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ಓದಿ ವಿವರಿಸಿ ಒಪ್ಪಿಗೆ ಪಡೆಯಬೇಕು ಎಂದು ಅದೇ ಆದೇಶ ಹೇಳುತ್ತದೆ. ನಾವು ತಾಲೂಕು ಆಫೀಸಿನಲ್ಲಿ ಕನ್ನಡ ಫಾರಂ ಇಲ್ಲ ಎಂದರೆ ಜಗಳಕ್ಕೆ ನಿಲ್ಲುವ ಜನ. ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಗೇಟಿನ ಮುಂದೆ ಕೂರುವ ಜನ. ಅದೇ ನಾವು ನಲ್ವತ್ತು ಪುಟದ ಇಂಗ್ಲಿಷ್ ಅಗ್ರಿಮೆಂಟಿಗೆ, ಎಲ್ಲಿ ಪೆನ್ಸಿಲಿನ ಗುರುತು ಇದೆಯೋ ಅಲ್ಲೆಲ್ಲ ಸುಮ್ನೆ ಸಹಿ ಹಾಕಿ ಬರುತ್ತೇವೆ. ಆಮೇಲೆ ನೋಟಿಸು ಮಲಯಾಳದಲ್ಲಿ ಬಂದಾಗ ಓದಿಸಲಿಕ್ಕೆ ಪಕ್ಕದ ಮನೆ ಹುಡುಗನನ್ನು ಕರೆಯುತ್ತೇವೆ. ಕನ್ನಡದಲ್ಲಿ ಕೊಡಿ ಎಂದು ಒಮ್ಮೆ ಕೇಳಿ ನೋಡಿ. ಸಿಗಲಿಕ್ಕೆ ಎರಡು ದಿನ ತಡವಾದರೆ ಆಗಲಿ. ಆ ಎರಡು ದಿನ ಯೋಚನೆಗೂ ಒಳ್ಳೆಯದು.

ಈಗ ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ವಿಷಯ. "ಒಂದು ರೂಪಾಯಿ ಹಾಕುವುದು ಬೇಡ, ಆನ್ ರೋಡ್ ಪೂರ್ತಿ ಲೋನ್." ಬೋರ್ಡು ನೋಡಿರಬಹುದು. ಕಾರಿನ ಶೋರೂಮ್ ಬೆಲೆ 6 ಲಕ್ಷ ಎಂದಿಟ್ಟುಕೊಳ್ಳಿ. ತೆರಿಗೆ, ರಿಜಿಸ್ಟ್ರೇಶನ್, ಇನ್ಶೂರೆನ್ಸ್, ಬಿಡಿ ಸಾಮಾನು ಎಲ್ಲ ಸೇರಿ 7 ಲಕ್ಷ. ಏಳೂ ಲಕ್ಷ ಸಾಲ, ಏಳು ವರ್ಷ, ಶೇ. 9. ಕಂತು 11,262. ಮೂರು ವರ್ಷ ಕಟ್ಟಿದಿರಿ. ಬಾಕಿ ಅಸಲು ಸುಮಾರು 4,52,500. ಆಗ ಒಂದು ಮಳೆಗಾಲದ ರಾತ್ರಿ ಚೆರ್ಕಳ ಕಲ್ಲಡ್ಕ ರಸ್ತೆಯಲ್ಲಿ ಕಾರು ಪೂರ್ತಿ ಜಖಂ ಆಯಿತು ಎನ್ನಿ. ಜೀವಕ್ಕೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಇನ್ಶೂರೆನ್ಸ್ ಉಂಟಲ್ಲ ಎನ್ನುತ್ತೀರಿ. ಇನ್ಶೂರೆನ್ಸಿನವರು ಕೊಡುವುದು ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆಯ ಲೆಕ್ಕದಲ್ಲಿ. ತೆರಿಗೆ, ರಿಜಿಸ್ಟ್ರೇಶನ್ ದುಡ್ಡು ಅದರಲ್ಲಿ ಬರುವುದಿಲ್ಲ. ಮೂರು ವರ್ಷ ದಾಟಿದ ಕಾರಿಗೆ ಪಟ್ಟಿ ಬೆಲೆಯಿಂದ ಶೇ. 40 ಸವಕಳಿ ತೆಗೆಯುತ್ತಾರೆ. ಉಳಿಯುವುದು 3,60,000. ಅದೂ ಮೊದಲು ಹೋಗುವುದು ಸಾಲ ಕೊಟ್ಟವರ ಕೈಗೆ. ಆಮೇಲೂ 92 ಸಾವಿರ ಚಿಲ್ಲರೆ ನಿಮ್ಮ ತಲೆ ಮೇಲೆ. ಕಾರಿಲ್ಲ, ಕಂತು ಉಂಟು.

ಇದು ಒಬ್ಬಿಬ್ಬರಿಗೆ ಆದರೆ ಅವರವರ ಹಣೆಬರಹ. ಇಡೀ ಊರಿಗೆ ಒಟ್ಟಿಗೆ ಆದರೆ? ಚೀನಾದಲ್ಲಿ ಹಾಗೇ ಆಯಿತು. ಅಲ್ಲಿ ಬ್ಯಾಂಕುಗಳು ಕಾರಿಗೆ ಸಾಲ ಕೊಡಲು ಶುರು ಮಾಡಿದ್ದು 1998ರ ಹೊತ್ತಿಗೆ. ಯಾರು ಹಿಂದೆ ಎಲ್ಲಿ ಸಾಲ ಮಾಡಿದ್ದಾರೆ, ತೀರಿಸಿದ್ದಾರೋ ಇಲ್ಲವೋ ಎಂದು ನೋಡಲು ಆಗ ದೇಶಕ್ಕೆಲ್ಲ ಒಂದು ದಾಖಲೆ ಇರಲಿಲ್ಲ. ಆಮೇಲೆ ಕಾರಿನ ಬೆಲೆ ಇಳಿಯತೊಡಗಿತು. ಎದುರು ಶೋರೂಮಿನಲ್ಲಿ ಹೊಸ ಕಾರಿಗೇ ತನ್ನ ಸಾಲದ ಬಾಕಿಗಿಂತ ಕಡಿಮೆ ಬೆಲೆ ಎಂದು ಕಂಡವನಿಗೆ ಕಂತು ಕಟ್ಟಲಿಕ್ಕೆ ಮನಸ್ಸಾದರೂ ಹೇಗೆ ಬರಬೇಕು? 2003, 2004ರ ಹೊತ್ತಿಗೆ ಸಾಲ ಗುಂಪುಗುಂಪಾಗಿ ಕೆಟ್ಟಿತು, ಬ್ಯಾಂಕುಗಳು ಕೈ ಹಿಂದಕ್ಕೆಳೆದವು. ನಮ್ಮಲ್ಲಿ ಅಂಥ ದಾಖಲೆ ಇಡುವ ಸಿಬಿಲ್ ಇದೆ, 2000ದಲ್ಲೇ ಶುರುವಾದ ಸಂಸ್ಥೆ. ಹಾಗಾಗಿ ಅಷ್ಟು ಕೆಡಲಿಕ್ಕಿಲ್ಲ. ಆದರೆ ಬೆಲೆ ಇಳಿಯುವುದು ನಮ್ಮಲ್ಲೂ ಉಂಟು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಮೇಲಿನ ಸೆಸ್ಸೂ ಹೋಯಿತು. ಕೊಳ್ಳಲು ಕಾದವರಿಗೆ ಹಬ್ಬ. ಆಗಸ್ಟಿನಲ್ಲಿ ಪೂರ್ತಿ ಸಾಲ ಮಾಡಿ ಕೊಂಡವನನ್ನು ಕೇಳಿ. ಒಂದೇ ರಾತ್ರಿಯಲ್ಲಿ ಅವನ ಕಾರು ಅಗ್ಗ ಆಯಿತು, ಸಾಲ ಇದ್ದಷ್ಟೇ ಇತ್ತು.

ಬ್ರೆಜಿಲಿನವರು ಮಾಡಿದ್ದು ನನಗೆ ಹೆಚ್ಚು ಹಿಡಿಸುತ್ತದೆ. 1960ರ ದಶಕದ ಆರಂಭದಲ್ಲಿ ಅಲ್ಲಿ ಕಾರು ತಯಾರಾಗುತ್ತಿತ್ತು, ಕೊಳ್ಳಲು ಸಾಲ ಸಿಗುತ್ತಿರಲಿಲ್ಲ. ಕೆಲವು ಬ್ಯಾಂಕ್ ನೌಕರರೇ ಸೇರಿ ಗುಂಪು ಕಟ್ಟಿಕೊಂಡರು. ಎಲ್ಲರೂ ತಿಂಗಳಿಗಿಷ್ಟು ಹಾಕುವುದು, ಪ್ರತಿ ತಿಂಗಳು ಚೀಟಿ ಎತ್ತಿ ಒಬ್ಬರಿಗೆ ಕಾರು. ಕನ್ಸಾರ್ಸಿಯೋ ಎಂದು ಹೆಸರು. ಇವತ್ತಿಗೂ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ನಮ್ಮ ಕುರಿಯೇ ಅಲ್ವಾ ಇದು? ನಮ್ಮ ರಾಜ್ಯದಲ್ಲಿ ಸರಕಾರವೇ 1969ರಿಂದ ಕೆಎಸ್‌ಎಫ್‌ಇ ಮೂಲಕ ಚಿಟ್ಟಿ ನಡೆಸುತ್ತಿದೆ. ಕಾರಿನ ಆಸೆ ಇರುವವರು ಎರಡು ವರ್ಷ ಮೊದಲೇ ಒಂದು ಚಿಟ್ಟಿ ಸೇರಿ ಎಂದು ನಾನು ಹೇಳುತ್ತೇನೆ. ಎರಡು ಲಾಭ. ಒಂದು, ಡೌನ್ ಪೇಮೆಂಟಿಗೆ ದುಡ್ಡಾಗುತ್ತದೆ. ಇನ್ನೊಂದು, ತಿಂಗಳು ತಿಂಗಳು ಅಷ್ಟು ದುಡ್ಡು ತೆಗೆದಿಡಲು ನಿಮ್ಮಿಂದ ಆಗುತ್ತದೋ ಇಲ್ಲವೋ ಎಂದು ಕಾರು ಬರುವ ಮೊದಲೇ ತಿಳಿಯುತ್ತದೆ. ಚಿಟ್ಟಿಯ ಕಂತು ಎರಡು ಸಲ ತಪ್ಪಿತೋ, ಕಾರಿನದ್ದೂ ತಪ್ಪುತ್ತದೆ. ಚಿಟ್ಟಿ ತಪ್ಪಿದರೆ ಮನೆ ಮುಂದೆ ಯಾರೂ ಬಂದು ಬಂಡಿ ಎಳೆದುಕೊಂಡು ಹೋಗುವುದಿಲ್ಲ.

ಎಳೆದುಕೊಂಡು ಹೋಗುವ ಮಾತು ಬಂತು. ಸೀಝ್ ಮಾಡುವವರ ಬಗ್ಗೆ ಎರಡೇ ಮಾತು. ಸಾಲ ವಸೂಲಿಗೆ ತೋಳ್ಬಲದವರನ್ನು ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ಬೆಳಗ್ಗೆ ಎಂಟಕ್ಕಿಂತ ಮೊದಲು, ಸಂಜೆ ಏಳರ ನಂತರ ವಸೂಲಿಗೆಂದು ಫೋನು ಮಾಡುವ ಹಾಗಿಲ್ಲ ಎಂದು ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ. ತಪ್ಪಿದ ಕಂತಿಗೆ ದಂಡ ಹಾಕಬಹುದು, ಆದರೆ ಆ ದಂಡವನ್ನು ಅಸಲಿಗೆ ಸೇರಿಸಿ ಅದಕ್ಕೂ ಬಡ್ಡಿ ಹಾಕುವಂತಿಲ್ಲ ಎಂದು 2023ರ ಆದೇಶ ಇದೆ. ಸಾಲ ಕೊಟ್ಟವರಿಗೆ ದೂರು ಬರೆದು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು, ಖರ್ಚಿಲ್ಲ. ಆದರೆ ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆ ಮದ್ದು ಬೇರೆ. ಕಂತು ತಪ್ಪುತ್ತದೆ ಎಂದು ಗೊತ್ತಾದ ಕೂಡಲೇ, ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಹೇಳಿ. ನಮ್ಮವರು ಮಾಡುವುದೇನು? ಬ್ಯಾಂಕಿನ ರಸ್ತೆ ಬಿಟ್ಟು ಸುತ್ತು ಬಳಸಿ ಪೇಟೆಗೆ ಹೋಗುತ್ತಾರೆ. ಮೂರು ತಿಂಗಳು ಮುಖ ತಪ್ಪಿಸಿದವನಿಗೆ ಮ್ಯಾನೇಜರ್ ಮನಸ್ಸಿದ್ದರೂ ಏನು ಮಾಡಲಿಕ್ಕೆ ಆಗುತ್ತದೆ?

ಹಾಗಾದರೆ ತೋಟದವರು ಹೇಗೆ ಮಾಡಬೇಕು? ನನ್ನ ಹತ್ತಿರ ಬಂದ ಒಬ್ಬರು ಮಾಡಿದ್ದನ್ನೇ ಹೇಳುತ್ತೇನೆ. ಹೆಸರು ಬೇಡ, ಮುಳ್ಳೇರಿಯ ಕಡೆಯವರು, ಮೂರು ಎಕರೆ ಅಡಿಕೆ. ಅವರು ಕಂತಿಗೆಂದೇ ಬೇರೆ ಎಸ್‌ಬಿ ಖಾತೆ ಮಾಡಿದರು. ಎಟಿಎಂ ಕಾರ್ಡೇ ತೆಗೆದುಕೊಳ್ಳಲಿಲ್ಲ. ಆರು ಕಂತಿನ ದುಡ್ಡು ಅದರಲ್ಲಿ ಹಾಕಿದ ಮೇಲೆಯೇ ಸಾಲದ ಅರ್ಜಿಗೆ ಸಹಿ ಮಾಡಿದರು. ಪ್ರತಿ ಸಲ ಅಡಿಕೆ ಕೊಟ್ಟಾಗ ಮೊದಲು ಆ ಖಾತೆ ತುಂಬಿಸುವುದು, ಆಮೇಲೆ ಗೊಬ್ಬರ, ಆಮೇಲೆ ಅಂಗಡಿ ಬಾಕಿ. ತಿಂಗಳು ತಿಂಗಳು ಕಂತು ತನ್ನಷ್ಟಕ್ಕೆ ಹೋಗುತ್ತಿತ್ತು. ಕಂತಿಗೋಸ್ಕರ ಒಂದು ಮೂಟೆಯನ್ನೂ ಅವರು ಅವಸರದಲ್ಲಿ ಕೊಟ್ಟದ್ದಿಲ್ಲ. ಬ್ಯಾಂಕು ಆರು ತಿಂಗಳ ಕಂತು ಕೊಡದಿದ್ದರೆ ಏನಾಯಿತು, ಅವರೇ ಮಾಡಿಕೊಂಡರು. ದರ ಚೆನ್ನಾಗಿ ಸಿಕ್ಕಿದ ವರ್ಷ ಅಸಲಿಗೇ ಒಂದಿಷ್ಟು ಕಟ್ಟಿದರು. ಇಲ್ಲೊಂದು ಎಚ್ಚರ. ಮೊದಲೇ ತೀರಿಸಿದರೆ ದಂಡ ಎಷ್ಟು ಎಂದು ಸಾಲ ಮಾಡುವ ಮೊದಲೇ ಕೇಳಬೇಕು. ಬದಲಾಗುವ ಬಡ್ಡಿಯಾದರೆ ಸ್ವಂತ ಬಳಕೆಯ ಸಾಲಕ್ಕೆ ದಂಡ ಹಾಕುವಂತಿಲ್ಲ. ಸ್ಥಿರ ಬಡ್ಡಿಯ ಕಾರು ಸಾಲಕ್ಕೆ ಹಾಕುವವರಿದ್ದಾರೆ. ಸಂಬಳದವನಿಗೆ ಇದು ಅಷ್ಟು ದೊಡ್ಡ ಸಂಗತಿ ಅಲ್ಲ. ವರ್ಷಕ್ಕೊಮ್ಮೆ ಕೈ ತುಂಬುವ ನಮಗೆ ಬಡ್ಡಿ ದರದಷ್ಟೇ ದೊಡ್ಡದು.

ಗಲ್ಫಿನವರ ಮನೆಯದ್ದು ಇನ್ನೂ ಸುಲಭದ ಮಾತು. ಅಲ್ಲಿ ಸಂಬಳ ಆಗಿ ದುಡ್ಡು ಇಲ್ಲಿ ಮುಟ್ಟುವ ತಾರೀಕು ನೋಡಿಕೊಂಡು, ಅದಾಗಿ ನಾಲ್ಕು ದಿನದ ನಂತರಕ್ಕೆ ಕಂತಿನ ತಾರೀಕು ಹಾಕಿಸಿ. ಐದಕ್ಕೇ ಬೇಕೆಂದು ದೇವರು ಬರೆದದ್ದಲ್ಲ. ಎರಡು ದಿನದ ವ್ಯತ್ಯಾಸಕ್ಕೆ ಪ್ರತಿ ತಿಂಗಳು ಬೌನ್ಸ್ ಚಾರ್ಜ್ ಕಟ್ಟಿದ ಮನೆಗಳನ್ನು ನಾನು ನೋಡಿದ್ದೇನೆ.

ಗಡಿಯಾಚೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಂಗಳೂರಿನಲ್ಲಿ ಆಫರ್ ಜಾಸ್ತಿ ಎಂದು ಅಲ್ಲಿ ಕೊಳ್ಳುವವರು ತುಂಬ ಇದ್ದೀರಿ. ಕೊಳ್ಳಿ. ಆದರೆ ವಿಳಾಸ ಇಲ್ಲಿಯದಾದರೆ ತಾತ್ಕಾಲಿಕ ನಂಬರಿನಲ್ಲಿ ತಂದು ಇಲ್ಲೇ ಕೆಎಲ್ 14 ಮಾಡಿಸಿ. ನೆಂಟರ ವಿಳಾಸ ಕೊಟ್ಟು ಕೆಎ ಮಾಡಿಸಿದರೆ ಹನ್ನೆರಡು ತಿಂಗಳ ನಂತರ ಇಲ್ಲಿಯ ನಂಬರ್ ಬೇಕು ಎಂದು ಕಾನೂನು. ಆಗ ಇಲ್ಲಿಯ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ವಾಪಸು ಕೇಳುತ್ತಾ ಅಲೆಯಬೇಕು. ಸಾಲ ಇದ್ದರೆ ಸಾಲ ಕೊಟ್ಟವರ ಎನ್‌ಒಸಿ, ಅಂದರೆ ತಕರಾರಿಲ್ಲ ಎಂಬ ಪತ್ರವೂ ಬೇಕು. ತಲಪಾಡಿ ಗಡಿ ದಾಟುವಷ್ಟು ಸುಲಭದ ಕೆಲಸ ಅಲ್ಲ ಮಾರಾಯ್ರೆ.

ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಕೈ ಎತ್ತಿದ್ದಾರೆ. ಭಾವನ ಮಗ ಕಾರಿಗೆ ಜಾಮೀನು ಹಾಕಲು ಕೇಳುತ್ತಿದ್ದಾನೆ, ಬರೀ ಒಂದು ಸಹಿ ಅಂತೆ, ಹಾಕಬಹುದಾ ಎಂದು ಕೇಳುತ್ತಾರೆ. ಅಕ್ಕಾ, ಬರೀ ಸಹಿ ಎನ್ನುವುದು ಲೋಕದಲ್ಲಿ ಇಲ್ಲ. 1872ರಿಂದ ಇರುವ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಅವನ ಹತ್ತಿರ ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂದು ಹೇಳಲಿಕ್ಕೆ ಬರುವುದಿಲ್ಲ. ನಾಳೆ ನೀವು ಮಗಳ ಓದಿಗೆ ಸಾಲ ಕೇಳಿದಾಗ ಆ ಕಾರು ನಿಮ್ಮ ಸಿಬಿಲಿನಲ್ಲಿ ನಿಂತಿರುತ್ತದೆ. ಹಾಕಬೇಡಿ ಎನ್ನುವುದಿಲ್ಲ, ನೆಂಟಸ್ತಿಕೆ ನಿಮ್ಮದು. ಅವನು ಕಟ್ಟದಿದ್ದರೆ ನಾನೇ ಕಟ್ಟುತ್ತೇನೆ, ಅಷ್ಟು ದುಡ್ಡು ನನ್ನಲ್ಲಿ ಉಂಟು ಎಂದಾದರೆ ಹಾಕಿ. ಸಿಬಿಲ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ತೆಗೆದು ನೋಡಿ, ಹಿಂದೆ ಯಾರಿಗೆಲ್ಲ ಸಹಿ ಹಾಕಿ ಮರೆತಿದ್ದೀರಿ ಎಂದು ಅದರಲ್ಲಿ ಕಾಣುತ್ತದೆ.

ಕಡೆಯ ಪ್ರಶ್ನೆ ಮೇಷ್ಟ್ರದ್ದು. ಸಾಲ ತೀರಿದ ಮೇಲೆ ಏನು ಮಾಡಬೇಕು? ಇದಕ್ಕೆ ನನ್ನದೇ ಕತೆ ಹೇಳಬೇಕು, ನಗಬಾರದು. ನನ್ನ ಕಾರಿನ ಸಾಲ ತೀರಿತು. ಆಗ ನಾನು ಬೇರೆಯವರಿಗೆಲ್ಲ ಬುದ್ಧಿ ಹೇಳುವ ಆಫೀಸರ್. ಫೈನಾನ್ಸಿನವರು ಎನ್‌ಒಸಿ ಮತ್ತು ಸಹಿ ಮಾಡಿದ ಫಾರಂ 35 ಕೊಟ್ಟರು. ಅದನ್ನು ಆರ್‌ಟಿಒಗೆ ಕೊಟ್ಟು ಆರ್‌ಸಿಯಲ್ಲಿರುವ ಅವರ ಹೆಸರು ತೆಗೆಸಬೇಕು. ಎಚ್‌ಪಿ ತೆಗೆಸುವುದು ಎನ್ನುತ್ತೇವಲ್ಲ, ಅದು. ನಾಳೆ ಹೋದರಾಯಿತು ಎಂದು ಕವರನ್ನು ಕಪಾಟಿನಲ್ಲಿಟ್ಟೆ. ಐದು ವರ್ಷ ಕಳೆಯಿತು. ಸೀತಾಂಗೋಳಿ ಕಡೆಯವರೊಬ್ಬರು ಒಳ್ಳೆ ಬೆಲೆಗೆ ಕಾರು ಕೇಳಿದರು, ಮುಂಗಡವೂ ಕೊಟ್ಟರು. ಆರ್‌ಸಿ ತೆಗೆದು ನೋಡಿದರೆ ಫೈನಾನ್ಸಿನವರ ಹೆಸರು ಹಾಗೇ ಕೂತಿದೆ. ಕಪಾಟಿನ ಕವರಿಗೆ ಗೆದ್ದಲು ಹಿಡಿದಿತ್ತು. ಹೊಸ ಪತ್ರ ಕೇಳೋಣ ಎಂದು ಹೋದರೆ ಆ ಶಾಖೆಯೇ ಇಲ್ಲ, ಕಂಪನಿ ಇನ್ನೊಂದರ ಜೊತೆ ಸೇರಿ ಹೆಸರೇ ಬದಲಾಗಿದೆ. ಅಲ್ಲಿಗೆ ಬರೆ, ಇಲ್ಲಿಗೆ ಬರೆ, ತೀರಿದ ಸಾಲದ ರಶೀದಿ ತಾ ಎಂದು ಎರಡೂವರೆ ತಿಂಗಳು ಓಡಾಡಿದೆ. ಪತ್ರ ಕೈಗೆ ಬಂದ ದಿನ ಸೀತಾಂಗೋಳಿಯವರಿಗೆ ಫೋನು ಮಾಡಿದೆ. ಅವರು ಹದಿನೈದು ದಿನದ ಹಿಂದೆಯೇ ಬೇರೆ ಕಾರು ತೆಗೆದುಕೊಂಡಿದ್ದರು. ಮುಂಗಡ ವಾಪಸು ಕೊಟ್ಟೆ. ಹೊರಗೆ ಹಲಸಿನ ಮರದ ಕೆಳಗೆ ನಿಂತಿರುವ ಬೂದಿ ಬಣ್ಣದ್ದು ಅದೇ ಕಾರು.